ಅಗೆಯುವ ಮೊದಲು: ಮುರಕಲ್ಲಿನ ಊರಿನಲ್ಲಿ ಪೈಪು, ಕೇಬಲ್ ಹುಡುಕಲು ಯಾರಿಗೆ ಯಾವ ದಾರಿ?

ಮಂಗಳೂರಿನ ಬಿಜೈ ಕಡೆ ಒಂದು ಸೈಟಿನಲ್ಲಿ ಕಂಪೌಂಡ್ ಗೋಡೆಗೆ ಪಾಯ ತೆಗೆಸುತ್ತಿದ್ದೆ. ನೀರಿನ ಲೈನು ರಸ್ತೆಯ ಅಂಚಿನಿಂದ 1.2 ಮೀಟರ್ ಒಳಗೆ, ರಸ್ತೆಯ ಅಡಿಯಲ್ಲೇ ಹೋಗುತ್ತದೆ ಎಂದು ಕೈಯಲ್ಲಿದ್ದ ನಕ್ಷೆ ಹೇಳುತ್ತಿತ್ತು. ನಮ್ಮ ಪಾಯ ಅಂಚಿನಿಂದ ಈಚೆಗೆ. ಹೆದರುವಂಥದ್ದೇನೂ ಇಲ್ಲ ಎಂದುಕೊಂಡು ಜೆಸಿಬಿಯವನಿಗೆ ಕೈಸನ್ನೆ ಮಾಡಿದೆ. ಐದೇ ನಿಮಿಷದಲ್ಲಿ ಬಕೆಟ್ಟಿನ ಹಲ್ಲು 6 ಇಂಚಿನ ಬೀಡುಕಬ್ಬಿಣದ ಪೈಪಿಗೆ ತಾಗಿ, ಕೆಂಪು ನೀರು ತೆಂಗಿನ ಮರದ ಅರ್ಧದಷ್ಟು ಎತ್ತರಕ್ಕೆ ಚಿಮ್ಮಿತು. ಆ ದಿನ ಶನಿವಾರ. ಮೂರು ಓಣಿಯವರಿಗೆ ಎರಡು ದಿನ ನೀರಿಲ್ಲ, ನನಗೆ ಎರಡು ದಿನ ಮುಖ ಎತ್ತಲಿಕ್ಕಿಲ್ಲ.

ನಕ್ಷೆ ಸುಳ್ಳು ಹೇಳಿರಲಿಲ್ಲ. ಅದನ್ನು ಬರೆದಾಗ ಅಲ್ಲಿದ್ದದ್ದು ಡಾಂಬರು ರಸ್ತೆ. ಆಮೇಲೆ ಕಾಂಕ್ರೀಟ್ ಹಾಕುವಾಗ ತಿರುವು ನೇರ ಮಾಡಿ ಅಂಚನ್ನು ಆಚೆಗೆ ಸರಿಸಿದ್ದರು. ಪೈಪು ತನ್ನ ಜಾಗದಲ್ಲೇ ಇತ್ತು, ಅಳತೆ ಹಿಡಿಯುವ ಅಂಚು ಮಾತ್ರ ಓಡಿಹೋಗಿತ್ತು.

ಅಂದಿನಿಂದ ಮನೆ ಕಟ್ಟುವವರು, ಸಣ್ಣ ಗುತ್ತಿಗೆದಾರರು ನನ್ನ ಹತ್ತಿರ "ಯಾವ ಮೆಷಿನ್ ತರಿಸುವುದು ಒಳ್ಳೇದು?" ಎಂದು ಕೇಳಿದರೆ, ಮೊದಲು ಅವರು ಎಲ್ಲಿ ಅಗೆಯುತ್ತಾರೆ, ಎಷ್ಟು ಆಳ ಅಗೆಯುತ್ತಾರೆ, ಅಲ್ಲಿಯ ಮಣ್ಣು ಯಾವುದು ಎಂದು ಕೇಳುತ್ತೇನೆ. ಚೆನ್ನೈಯಲ್ಲೋ ದೆಹಲಿಯಲ್ಲೋ ಚಂದ ಕೆಲಸ ಮಾಡುವ ಯಂತ್ರ ಮಂಗಳೂರಿನ ಜುಲೈ ತಿಂಗಳ ಮಣ್ಣಿನಲ್ಲಿ ಕುರುಡಾಗುತ್ತದೆ. ಇನ್ನೊಂದು ಕಡೆ, ಬೇರೆ ಊರಿನವರಿಗೆ ಇಲ್ಲದ ಒಂದು ಅನುಕೂಲ ನಮ್ಮ ಮುರಕಲ್ಲಿನಿಂದ (ಜಂಬಿಟ್ಟಿಗೆ ಕಲ್ಲು) ನಮಗೆ ಉಂಟು. ಅದಕ್ಕೆ ಆಮೇಲೆ ಬರುತ್ತೇನೆ.

ನಕ್ಷೆ, ಆ್ಯಪ್, ವಾಲ್ವ್ ತಿರುಗಿಸುವವರು

ಅತಿ ಅಗ್ಗದ ದಾರಿ ಕಾಗದ. ನೀರು ಮತ್ತು ಯುಜಿಡಿಗೆ (ನೆಲದಡಿಯ ಒಳಚರಂಡಿ) ಮಂಗಳೂರಿನಲ್ಲಿ ಮಹಾನಗರ ಪಾಲಿಕೆ, ಉಡುಪಿಯಲ್ಲಿ ನಗರಸಭೆ. ಕರೆಂಟಿಗೆ ಎರಡೂ ಕಡೆ ಮೆಸ್ಕಾಂ. ಮನೆಮನೆಯ ಗ್ಯಾಸ್ ಲೈನು ದಕ್ಷಿಣ ಕನ್ನಡದಲ್ಲಿ ಗೇಲ್ ಗ್ಯಾಸ್‌ನದ್ದು, ಉಡುಪಿ ಜಿಲ್ಲೆಯಲ್ಲಿ ಅದಾನಿ ಟೋಟಲ್ ಗ್ಯಾಸ್‌ನದ್ದು. ಟೆಲಿಕಾಂ ಕಂಪನಿಗಳು ಬೇರೆ ಬೇರೆ. ಇಷ್ಟು ಕಡೆ ಅರ್ಜಿ ಕೊಟ್ಟು ನಕ್ಷೆ ತರಿಸುವುದು ಬೇಸರದ ಕೆಲಸ ನಿಜ, ಆದರೆ ಇದನ್ನು ಬಿಟ್ಟು ನೇರ ಮೆಷಿನ್ ತರಿಸಿದರೆ ಏನನ್ನು ಹುಡುಕುತ್ತಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ.

ನಕ್ಷೆ ಕೈಗೆ ಬಂದಾಗ ಮೂರು ಸಂಗತಿ ನೋಡಿ. ಅದು ಕೆಲಸ ಆಗುವ ಮೊದಲು ಬರೆದದ್ದೋ, ಹಾಕಿ ಆದಮೇಲೆ ಬರೆದದ್ದೋ. ಅಳತೆಯನ್ನು ಯಾವುದರಿಂದ ಹಿಡಿದಿದ್ದಾರೆ: ರಸ್ತೆಯ ಅಂಚೋ, ಮಧ್ಯವೋ, ಯಾರದ್ದೋ ಕಂಪೌಂಡೋ. ಆ ಗುರುತು ಇಂದಿಗೂ ಅಲ್ಲೇ ಇದೆಯೋ. ಬಿಜೈಯಲ್ಲಿ ನಾನು ಮೂರನೆಯದನ್ನು ಕೇಳಿರಲಿಲ್ಲ.

2023ರ ಮಾರ್ಚ್ 22ರಂದು ಕೇಂದ್ರ ಸರಕಾರ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ಬಿಡುಗಡೆ ಮಾಡಿತು. ಎಲ್ಲಿ, ಯಾವತ್ತು ಅಗೆಯುತ್ತೇವೆ ಎಂದು ಹಾಕಿದರೆ, ಅಲ್ಲಿ ನೆಲದಡಿ ಲೈನು ಇರುವವರಿಗೆ ಎಸ್ಸೆಮ್ಮೆಸ್, ಇಮೇಲ್ ಹೋಗುತ್ತದೆ. ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಸಲ ಆಪ್ಟಿಕಲ್ ಫೈಬರ್ ತುಂಡಾಗಿ ಸುಮಾರು 3,000 ಕೋಟಿ ರೂಪಾಯಿ ನಷ್ಟವಾಗುತ್ತದೆ ಎಂದು ಸರಕಾರವೇ ಆಗ ಹೇಳಿತ್ತು. ಖರ್ಚಿಲ್ಲದ ಕೆಲಸ, ಹಾಕಿಬಿಡಿ. ಆದರೆ ಉತ್ತರ ಬರಲಿಲ್ಲ ಎಂದರೆ ಲೈನು ಇಲ್ಲ ಎಂದು ತಿಳಿಯಬೇಡಿ. ಉತ್ತರ ಬರಲಿಲ್ಲ, ಅಷ್ಟೇ ಅದರ ಅರ್ಥ.

ಕಾಗದಕ್ಕಿಂತ ನಾನು ಹೆಚ್ಚು ನಂಬುವುದು ವಾರ್ಡಿನಲ್ಲಿ ವರ್ಷಗಟ್ಟಲೆ ನೀರಿನ ವಾಲ್ವ್ ತಿರುಗಿಸಿದವರನ್ನು. ಒಬ್ಬರು ಹಿರಿಯರನ್ನು ಕರೆದುಕೊಂಡು ಹೋಗಿ ತೋರಿಸಿದಾಗ, "ಇಲ್ಲಿ ಅಲ್ಲ ಮಾರಾಯ್ರೆ, ಆ ಹಲಸಿನ ಮರ ಇತ್ತಲ್ಲ, ಅದರ ಬುಡದಲ್ಲಿ ತಿರುಗ್ತದೆ" ಎಂದರು. ಮರ ಕಡಿದು ಹತ್ತು ವರ್ಷ ಆಗಿತ್ತು, ಬುಡ ಎಲ್ಲಿತ್ತು ಎಂದು ಎದುರು ಮನೆಯ ಅಮ್ಮ ತೋರಿಸಿಕೊಟ್ಟರು. ಆ ತಿರುವು ಯಾವ ನಕ್ಷೆಯಲ್ಲೂ ಇರಲಿಲ್ಲ.

ಇವರ ಜೊತೆಯಲ್ಲೇ ಸೈಟಿನ ಸುತ್ತ ಒಂದು ಸುತ್ತು ನಡೆಯಿರಿ. ಯುಜಿಡಿ ಮುಚ್ಚಳ, ವಾಲ್ವ್ ಚೇಂಬರ್, ಕಂಬದಿಂದ ಇಳಿದು ನೆಲದೊಳಗೆ ಹೋಗುವ ಕೇಬಲ್, ಗ್ಯಾಸಿನವರ ಗುರುತು ಕಲ್ಲು, ಇಂಟರ್‌ಲಾಕಿನಲ್ಲಿ ಬಣ್ಣ ಬೇರೆಯಾಗಿ ಕಾಣುವ ಪಟ್ಟಿ. ಏಪ್ರಿಲಿನಲ್ಲಿ ಎಲ್ಲ ಒಣಗಿದಾಗ ಒಂದೇ ಕಡೆ ಹುಲ್ಲು ಹಸಿರಾಗಿದ್ದರೆ ಅಲ್ಲಿ ಪೈಪು ಸೋರುತ್ತಿರಬಹುದು. ಯುಜಿಡಿ ಮುಚ್ಚಳ ತೆಗೆಸಿ ಅಳತೆ ಕೋಲು ಇಳಿಸಿ ಆಳ ನೋಡಬಹುದು. ಎರಡು ಚೇಂಬರ್ ಸಿಕ್ಕಿದರೆ ನಡುವಿನ ಲೈನು ಸಾಮಾನ್ಯವಾಗಿ ನೇರ. ಆದರೆ ಅಳೆಯುವುದು ಮೇಲೆ ನಿಂತು. ಒಳಗಿನ ವಿಷಗಾಳಿ ಕ್ಷಣದಲ್ಲಿ ಜೀವ ತೆಗೆಯುತ್ತದೆ, ರಕ್ಷಣೆಯಿಲ್ಲದೆ ಶುಚಿಗೆಂದು ಜನರನ್ನು ಒಳಗೆ ಇಳಿಸುವುದಕ್ಕೆ ಮಲಹೊರುವ ಪದ್ಧತಿ ನಿಷೇಧದ 2013ರ ಕಾನೂನಿನ ತಡೆಯೂ ಇದೆ.

ಕೇಬಲ್ ಲೊಕೇಟರ್

ಇದು ಕೈಯಲ್ಲಿ ಹಿಡಿದು ನಡೆಯುವ ಉಪಕರಣ. ಕರೆಂಟು ಹರಿಯುವ ತಂತಿಯ ಸುತ್ತ ಹುಟ್ಟುವ ಕಾಂತಕ್ಷೇತ್ರವನ್ನು ಹಿಡಿಯುತ್ತದೆ. ಎರಡು ಬಗೆಯಲ್ಲಿ ಬಳಸುತ್ತಾರೆ. ಸುಮ್ಮನೆ ಹಿಡಿದು ನಡೆದರೆ ಮೆಸ್ಕಾಂ ಕೇಬಲಿನ 50 ಹರ್ಟ್ಜ್ ಗುನುಗು ಕೇಳಿಸುತ್ತದೆ. ಇನ್ನೊಂದು, ಟ್ರಾನ್ಸ್‌ಮಿಟರ್ ತಂದು ಕೇಬಲಿಗೋ ಲೋಹದ ಪೈಪಿಗೋ ಬೇಕಾದ ಸಿಗ್ನಲ್ ಹತ್ತಿಸಿ ಅದೇ ಸಿಗ್ನಲನ್ನು ಹಿಂಬಾಲಿಸುವುದು.

ನಮ್ಮಲ್ಲಿ ಬಾಡಿಗೆಗೆ ಬರುವವರು ಹೆಚ್ಚಾಗಿ ಮೊದಲನೆಯದನ್ನು ಮಾಡಿ, "ಇಲ್ಲಿ ಏನೂ ಇಲ್ಲ ಸಾರ್" ಎಂದು ಹೊರಟುಬಿಡುತ್ತಾರೆ. ಒಪ್ಪಬೇಡಿ. ಲೋಡ್ ಇಲ್ಲದ ಕೇಬಲಿನಲ್ಲಿ ಕರೆಂಟು ಹರಿಯುವುದಿಲ್ಲ, ಗುನುಗೂ ಕೇಳಿಸುವುದಿಲ್ಲ. ಮೂರು ಫೇಸಿನ ಲೋಡು ಸಮವಾಗಿದ್ದರೆ ಒಂದರ ಕ್ಷೇತ್ರ ಇನ್ನೊಂದನ್ನು ಅಳಿಸಿ ಸಿಗ್ನಲ್ ಕ್ಷೀಣವಾಗುತ್ತದೆ. ಇದ್ದರೂ ಇಲ್ಲದ ಹಾಗೆ ತೋರುವ ಕೇಬಲ್ ಅಂದರೆ ಇದೇ. ಟ್ರಾನ್ಸ್‌ಮಿಟರಿನ ಕ್ಲ್ಯಾಂಪ್ ಹಾಕಿ ನೋಡಿ ಎಂದು ಕೇಳಿ. ಫೀಡರ್ ಬಾಕ್ಸಿನಲ್ಲಿ ಕ್ಲ್ಯಾಂಪ್ ಹಾಕಲು ಮೆಸ್ಕಾಂ ಲೈನ್‌ಮ್ಯಾನ್ ಇರಲೇಬೇಕು, ಬೇರೆಯವರು ಬಾಗಿಲು ತೆರೆಯುವಂತಿಲ್ಲ.

ತೋರಿಸಿದ ಆಳ ಸರಿಯೋ ಎಂದು ಪರೀಕ್ಷಿಸಲು ಒಂದು ಸುಲಭ ಉಪಾಯ ಇದೆ. ನೆಲಕ್ಕೆ ಇಟ್ಟು ಆಳ ಓದಿ. ಆಮೇಲೆ ಉಪಕರಣವನ್ನು ನೇರ 50 ಸೆಂ.ಮೀ. ಎತ್ತಿ ಮತ್ತೆ ಓದಿ. ಮೊದಲು 80 ತೋರಿಸಿದ್ದರೆ ಈಗ 130ರ ಹತ್ತಿರ ಬರಬೇಕು. 105 ಬಂದರೆ ಪಕ್ಕದಲ್ಲಿ ಇನ್ನೊಂದು ಲೈನು ಇದ್ದು ಸಿಗ್ನಲ್ ಕಲಸಿದೆ ಎಂದೇ ಲೆಕ್ಕ. ಪರೀಕ್ಷೆಗೆ ಒಪ್ಪದ ಸರ್ವೇಯರನ್ನು ನಾನು ಮರುದಿನ ಕರೆಯುವುದಿಲ್ಲ.

ಈ ಉಪಕರಣದ ದೊಡ್ಡ ಸೋಲು ಪ್ಲಾಸ್ಟಿಕ್. ಹಳೆಯ ಬೀಡುಕಬ್ಬಿಣದ ಪೈಪನ್ನು ತಕ್ಕಮಟ್ಟಿಗೆ ಹಿಡಿಯುತ್ತದೆ. ಆದರೆ ಈಗ ಹಾಕುತ್ತಿರುವುದು ಹೆಚ್ಚಾಗಿ ಪ್ಲಾಸ್ಟಿಕ್ಕೇ: ನೀರಿಗೆ ನೀಲಿ ಗೆರೆಯ ಕಪ್ಪು ಎಚ್‌ಡಿಪಿಇ, ಮನೆ ಗ್ಯಾಸಿಗೆ ಹಳದಿ ಅಥವಾ ಕಿತ್ತಳೆ ಬಣ್ಣದ ಪೈಪು, ಫೈಬರಿಗೆ ಬಣ್ಣದ ಡಕ್ಟು. ಜೊತೆಯಲ್ಲಿ ಗುರುತಿನ ತಂತಿ ಎಳೆದಿರದಿದ್ದರೆ ಲೊಕೇಟರಿಗೆ ಇವು ಲೆಕ್ಕಕ್ಕೇ ಇಲ್ಲ. ಖಾಲಿ ಡಕ್ಟಿನೊಳಗೆ, ಇಲ್ಲವೇ ಯುಜಿಡಿ ಪೈಪಿನೊಳಗೆ ಸಿಗ್ನಲ್ ಕೊಡುವ ಸಣ್ಣ ಗುಳಿಗೆಯಂಥ ಸಾಧನ ತಳ್ಳಿ ಮೇಲಿನಿಂದ ಹಿಡಿಯಬಹುದು. ತುಂಬಿ ಹರಿಯುವ ಗ್ಯಾಸಿನ ಪೈಪಿಗೆ ಆ ದಾರಿಯೂ ಇಲ್ಲ.

ನೆಲ ನೋಡುವ ರೇಡಾರ್

ನೆಲದೊಳಕ್ಕೆ ರೇಡಿಯೊ ಅಲೆ ಬಿಟ್ಟು ನೋಡುವ ಈ ರೇಡಾರ್, ಅಂದರೆ ಜಿಪಿಆರ್, ಎಂದರೆ ಜನರಿಗೆ ಎಕ್ಸ್‌ರೇಯ ಕಲ್ಪನೆ. ಹುಲ್ಲು ಕತ್ತರಿಸುವ ಗಾಡಿಯ ಹಾಗೆ ತಳ್ಳಿಕೊಂಡು ಹೋದರೆ ಪರದೆಯಲ್ಲಿ ಪೈಪು ಮೂಡುತ್ತದೆ ಎಂದು. ಮೂಡುವುದು ಪೈಪಲ್ಲ, ಕವುಚಿಟ್ಟ ಬಟ್ಟಲಿನಂಥ ಒಂದು ಕಮಾನು. ಅದು ಪೈಪೋ ಬೇರೋ ಹೂತ ಕಲ್ಲೋ ಎಂದು ಹೇಳಬೇಕಾದದ್ದು ತಳ್ಳುವ ಮನುಷ್ಯ. ಒಂದೇ ಸಾಲಿನಲ್ಲಿ ಕಂಡರೆ ಸಾಲದು. ಎರಡು ಮೂರು ಅಡ್ಡ ಸಾಲುಗಳಲ್ಲಿ ಅದೇ ನೇರಕ್ಕೆ ಕಮಾನು ಬಂದರೆ ಆಗ ಅದು ಲೈನು.

ಪ್ಲಾಸ್ಟಿಕ್ ಹಿಡಿಯುವ ಗುಣ ಇದಕ್ಕುಂಟು, ಅದಕ್ಕೇ ಬೆಲೆ. ಆದರೆ ರೇಡಿಯೊ ಅಲೆ ನೀರಿಗೂ ಜೇಡಿಗೂ ಸೋಲುತ್ತದೆ. ಮಂಗಳೂರಿನ ಮುರಕಲ್ಲಿನ ಪದರದ ಕೆಳಗೆ ಶೇಡಿ ಎಂಬ ಜೇಡಿಯಂಥ ಮಣ್ಣು, ಮೇಲೆ ವರ್ಷಕ್ಕೆ 3,500 ಮಿ.ಮೀ. ಮೀರುವ ಮಳೆ. ಒದ್ದೆ ಶೇಡಿಯಲ್ಲಿ ಒಂದು ಮೀಟರಿನಾಚೆಗೆ ಬರೀ ಮಸುಕು. ತಣ್ಣೀರುಬಾವಿ, ಮಲ್ಪೆಯ ಒಣ ಮರಳಿನಲ್ಲಿ ಚಿತ್ರ ಬಲು ಚಂದ, ಆದರೆ ಕೆಳಗೆ ಉಪ್ಪುನೀರು ಸಿಕ್ಕಿದಲ್ಲಿಗೆ ಕತೆ ಮುಗಿಯಿತು. ಮಣಿಪಾಲದ ಗುಡ್ಡದ ಮೇಲೆ, ಮಾರ್ಚ್–ಏಪ್ರಿಲಿನ ಒಣ ಮುರಕಲ್ಲಿನಲ್ಲಿ ಪರವಾಗಿಲ್ಲ ಎನ್ನುವಷ್ಟು ಕಾಣುತ್ತದೆ. ಸರಳು ಹಾಕಿದ ಕಾಂಕ್ರೀಟ್ ಇದ್ದರೆ ಸರಳಿನ ಕಮಾನುಗಳೇ ಪರದೆ ತುಂಬಿ ಕೆಳಗಿನದನ್ನು ಮುಚ್ಚಿಬಿಡುತ್ತವೆ.

ಇನ್ನೊಂದು ಅಪಾಯ ಆಳದ ಲೆಕ್ಕದ್ದು. ಅಲೆ ಹೋಗಿಬರುವ ಸಮಯವನ್ನು ಮಾತ್ರ ಯಂತ್ರ ಅಳೆಯುತ್ತದೆ, ಅದನ್ನು ಆಳವಾಗಿ ಬದಲಿಸಲು ಮಣ್ಣಿನಲ್ಲಿ ಅಲೆಯ ವೇಗ ಎಷ್ಟೆಂದು ಮೊದಲೇ ಹೇಳಿಕೊಟ್ಟಿರಬೇಕು. ನ್ಯಾನೋಸೆಕೆಂಡಿಗೆ 10 ಸೆಂ.ಮೀ. ಎಂದು ಹೇಳಿಟ್ಟು ತಳ್ಳುತ್ತಿದ್ದೀರಿ, ಹಿಂದಿನ ರಾತ್ರಿಯ ಮಳೆಗೆ ನಿಜವಾದ ವೇಗ 7ಕ್ಕೆ ಇಳಿದಿದೆ ಎಂದಿಟ್ಟುಕೊಳ್ಳಿ. ಪರದೆ 1 ಮೀಟರ್ ಎಂದು ತೋರಿಸುತ್ತದೆ, ಪೈಪು ಇರುವುದು 70 ಸೆಂ.ಮೀ.ಗೆ. ತಪ್ಪು ಯಾವ ಕಡೆಗೆ ಬಿತ್ತು ನೋಡಿ: ಇನ್ನೂ ಒಂದಡಿ ಉಂಟು ಎಂಬ ಧೈರ್ಯದಲ್ಲಿ ಬಕೆಟ್ ಇಳಿಸುತ್ತೀರಿ. ಆದ್ದರಿಂದ ಅದೇ ಸೈಟಿನಲ್ಲಿ ಆಳ ಗೊತ್ತಿರುವ ಒಂದು ಪೈಪಿನ ಮೇಲೆ ಮೊದಲು ಓಡಿಸಿ ವೇಗ ಹೊಂದಿಸಬೇಕು. ಸರ್ವೇ ಕೊಟೇಶನಿನಲ್ಲಿ ಈ ಒಂದು ಸಾಲು ಇದೆಯೋ ನೋಡಿ.

ಕೈಗುಂಡಿ, ಮತ್ತು ಮುರಕಲ್ಲಿನ ಸಾಕ್ಷಿ

ನನ್ನ ದುಡ್ಡಾದರೆ ಮೊದಲು ಖರ್ಚು ಮಾಡುವುದು ಇಲ್ಲಿ. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘದ ಮಾನದಂಡ, ಎಎಸ್‌ಸಿಇ 38, ನೆಲದಡಿಯ ಮಾಹಿತಿಯನ್ನು ನಾಲ್ಕು ದರ್ಜೆ ಮಾಡುತ್ತದೆ. ಬರೀ ಕಾಗದ 'ಡಿ'. ಮೇಲೆ ಕಾಣುವ ಮುಚ್ಚಳ, ವಾಲ್ವುಗಳ ಜೊತೆ ತಾಳೆ ನೋಡಿದರೆ 'ಸಿ'. ಲೊಕೇಟರ್, ರೇಡಾರ್ ಓಡಿಸಿದರೆ 'ಬಿ'. ತೋಡಿ ಕಣ್ಣಾರೆ ಕಂಡು ಅಳತೆ ತೆಗೆದರೆ ಮಾತ್ರ 'ಎ'. 2022ರಲ್ಲಿ ಪರಿಷ್ಕರಿಸಿದ ಮೇಲೂ ಈ ನಾಲ್ಕು ಮೆಟ್ಟಿಲು ಹಾಗೇ ಉಳಿದಿವೆ. ಎಷ್ಟು ದುಬಾರಿ ರೇಡಾರ್ ತಂದರೂ 'ಬಿ' ದಾಟುವುದಿಲ್ಲ. ಇಬ್ಬರು ಆಳು, ಒಂದು ಗುದ್ದಲಿ 'ಎ'.

ಮುರಕಲ್ಲಿನ ಅನುಕೂಲ ಎಂದೆನಲ್ಲ, ಅದು ಇಲ್ಲಿದೆ. ಮುರಕಲ್ಲನ್ನು ಒಮ್ಮೆ ಕಡಿದು ಪೈಪು ಹಾಕಿ ಮುಚ್ಚಿದರೆ ಅದು ಮತ್ತೆ ಮೊದಲಿನ ಹಾಗೆ ಕೂಡುವುದಿಲ್ಲ. ಚರಂಡಿಯ ಹಾಗೆ ಅಡ್ಡಕ್ಕೆ, ಒಂದು ಗುದ್ದಲಿಯ ಅಗಲಕ್ಕೆ ಕೈಯಲ್ಲಿ ಕೀರುತ್ತಾ ಹೋಗಿ. ಮೇಲಿನ ಸಡಿಲ ಮಣ್ಣು ಸರಿಸಿದೊಡನೆ ಗಟ್ಟಿ ಮುರಕಲ್ಲಿನ ಮೈ ಸಿಗುತ್ತದೆ: ಜೇನುಗೂಡಿನ ಹಾಗೆ ತೂತು ತೂತು, ಕೆಂಪು–ಹಳದಿ ಬೆರೆತ ಬಣ್ಣ, ಹಾರೆಗೆ ಠಣ್ ಎನ್ನುವ ಶಬ್ದ. ಹಾಗೇ ಮುಂದುವರಿದಾಗ ಒಂದು ಕಡೆ ಶಬ್ದ ದಪ್ಪವಾಗುತ್ತದೆ, ಮಣ್ಣು ಕಲಸಿದ ಹಾಗೆ ಕಾಣುತ್ತದೆ, ಹಂಚಿನ ಚೂರೋ ಜಲ್ಲಿಯೋ ಸಿಗುತ್ತದೆ, ಎರಡೂ ಬದಿಯಲ್ಲಿ ಪಿಕ್ಕಾಸಿನಿಂದ ಕಡಿದ ಗೋಡೆ ನೇರ ಇಳಿದಿರುತ್ತದೆ. ಯಾರೋ ಹಿಂದೆ ತೋಡಿದ್ದಾರೆ, ಲೈನು ಅದರೊಳಗೆ. ಕೀರಿದ ಉದ್ದಕ್ಕೂ ಅಖಂಡ ಮುರಕಲ್ಲೇ ಸಿಕ್ಕಿತೋ, ಅಲ್ಲಿ ಯಾರೂ ತೋಡಿ ಲೈನು ಹಾಕಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಯಾವ ಮೆಷಿನ್ನೂ 'ಇಲ್ಲ' ಎಂಬ ಮಾತನ್ನು ಇಷ್ಟು ಗಟ್ಟಿಯಾಗಿ ಹೇಳುವುದಿಲ್ಲ.

ಒಂದು ಅಪವಾದ ಮಾತ್ರ ಬಿಡಬಾರದು. ಫೈಬರ್, ಗ್ಯಾಸಿನವರು ಈಗ ರಸ್ತೆ ಕಡಿಯದೆ ಎಚ್‌ಡಿಡಿ ಯಂತ್ರದಲ್ಲಿ ಅಡ್ಡಕ್ಕೆ ಕೊರೆದು ಪೈಪು ಎಳೆಯುತ್ತಾರೆ. ಅದು ಮುರಕಲ್ಲಿನ ಅಡಿಯಲ್ಲೇ ನುಗ್ಗಿ ಹೋಗುತ್ತದೆ, ಮೇಲೆ ಗಾಯದ ಗುರುತೂ ಇರುವುದಿಲ್ಲ, ಆಳ ಎರಡು ಮೂರು ಮೀಟರೂ ಆಗಬಹುದು. ಬೇಸ್‌ಮೆಂಟ್ ತೋಡುವವರು ಇದಕ್ಕೊಂದಕ್ಕೆ ಕೊರೆದವರ ದಾಖಲೆಯನ್ನೇ ಹಿಡಿಯಬೇಕು.

ಗುಂಡಿ ತೋಡುವಾಗ ಎಷ್ಟರಲ್ಲಿ ಏನು ಸಿಗಬಹುದು ಎಂಬ ಅಂದಾಜು ಇರಲಿ. ಕೇಬಲ್ ಹಾಕುವ ಭಾರತೀಯ ಮಾನದಂಡ ಐಎಸ್ 1255ರ ಪ್ರಕಾರ ಎಲ್‌ಟಿ (ಕಡಿಮೆ ವೋಲ್ಟೇಜಿನ) ಕೇಬಲ್ 75 ಸೆಂ.ಮೀ., 11 ಕೆವಿ (ಕಿಲೋವೋಲ್ಟ್) 90 ಸೆಂ.ಮೀ., 33 ಕೆವಿ 1.05 ಮೀಟರ್ ಆಳದಲ್ಲಿರಬೇಕು. ಗ್ಯಾಸು ಸುಮಾರು 1 ಮೀಟರ್. ಬಿಎಸ್ಸೆನ್ನೆಲ್ ಫೈಬರಿನ ಮಾಮೂಲಿ ಆಳ 1.65 ಮೀಟರ್. ಇದು ಹಾಕಿದ ದಿನದ ಆಳ ಎಂಬುದು ನೆನಪಿರಲಿ. ಗುಡ್ಡ ಕಡಿದು ರಸ್ತೆ ತಗ್ಗಿಸುವುದು ನಮ್ಮಲ್ಲಿ ದಿನನಿತ್ಯದ ಕೆಲಸ. ಮೊಣಕಾಲುದ್ದಕ್ಕೂ ಇಳಿಯದ 11 ಕೆವಿ ಕೇಬಲನ್ನು ನಾನೇ ಕಂಡಿದ್ದೇನೆ. ಮರಳು, ಅದರ ಮೇಲೆ ಸಾಲಾಗಿ ಇಟ್ಟ ಇಟ್ಟಿಗೆ ಅಥವಾ ಎಚ್ಚರಿಕೆಯ ಟೇಪು ಕಂಡೊಡನೆ ಹಾರೆ, ಪಿಕ್ಕಾಸು ಎರಡನ್ನೂ ಮೇಲಿಡಿಸಿ. ಅಲ್ಲಿಂದ ಕೆಳಗೆ ಮೊಂಡು ಸಲಿಕೆ, ಕೈ ಮಾತ್ರ. ಮಣ್ಣನ್ನು ಗಾಳಿಯಲ್ಲೋ ನೀರಿನಲ್ಲೋ ಸಡಿಲಿಸಿ ಹೀರಿ ತೆಗೆಯುವ ಲಾರಿಗಳೂ ಇವೆ, ಬಲು ಸುರಕ್ಷಿತ. ಆದರೆ ಒಂದು ಮನೆಯ ಕೆಲಸಕ್ಕೆ ಅದನ್ನು ತರಿಸುವುದು ನೊಣ ಹೊಡೆಯಲು ಆನೆ ತಂದ ಹಾಗೆ.

ಯಾರಿಗೆ ಯಾವುದು

ಶಕ್ತಿನಗರದಲ್ಲೋ ಕೊಡವೂರಿನಲ್ಲೋ 8–10 ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟುವವರಿಗೆ ರೇಡಾರ್ ಬೇಡ. ನಕ್ಷೆ, ವಾಲ್ವಿನವರ ಜೊತೆ ಒಂದು ಸುತ್ತು, ರಸ್ತೆಯ ಬದಿಯ ಪಾಯದ ಉದ್ದಕ್ಕೆ ಕೈಯಲ್ಲಿ ಒಂದು ಕೀರು, ಸಾಕು. ಜಾಗದೊಳಗಿನ ಅಪಾಯವನ್ನು ಹಳೆಯ ಮಾಲೀಕರ ಹತ್ತಿರ ಕೇಳಿ: ಮುಚ್ಚಿದ ಬಾವಿ, ಹಳೆಯ ಇಂಗುಗುಂಡಿ, ಬಾವಿಯಿಂದ ಪಂಪಿನ ಕೋಣೆಗೆ ಎಳೆದ ವಯರು. ಮುಚ್ಚಿದ ಬಾವಿಯ ಮೇಲೆ ಕಂಬ ನಿಲ್ಲಿಸಿದವರ ಕತೆ ಬೇರೆಯೇ ಉಂಟು, ಇಲ್ಲಿ ಬೇಡ.

ಕದ್ರಿ, ಕಂಕನಾಡಿಯಂಥ ಕಡೆ ಬೇಸ್‌ಮೆಂಟ್ ಇರುವ ಅಪಾರ್ಟ್‌ಮೆಂಟಿಗೆ ಟ್ರಾನ್ಸ್‌ಮಿಟರ್ ಸಹಿತ ಲೊಕೇಟರ್ ಒಂದು ದಿನ, ಆಮೇಲೆ ರಸ್ತೆ ಬದಿಗೆ ಮತ್ತು ಪ್ರತಿ ಕನೆಕ್ಷನ್ ಬರುವಲ್ಲಿ ಗುಂಡಿ. ಎಚ್‌ಡಿಡಿ ದಾಖಲೆ ಕಡ್ಡಾಯ. ರೇಡಾರ್ ತರಿಸುವುದಾದರೆ ಬೇಸಿಗೆಯಲ್ಲಿ, ಹೊಸ ಪ್ಲಾಸ್ಟಿಕ್ ಲೈನು ಹಾಕಿದ ರಸ್ತೆಯ ಬದಿಗೆ ಮಾತ್ರ.

ರಸ್ತೆ, ಚರಂಡಿ, ಮೋರಿಯ ಕೆಲಸ ಹಿಡಿದವರು ಎಲ್ಲವನ್ನೂ ಮಾಡಿಸಲೇಬೇಕು, ಅದರ ಖರ್ಚನ್ನು ಟೆಂಡರಿನಲ್ಲೇ ಇಡಬೇಕು.

ದೊಡ್ಡ ಪೈಪ್‌ಲೈನಿನ ವಿಚಾರ ಇವೆಲ್ಲದರಿಂದ ಬೇರೆ. 2021ರ ಜನವರಿ 5ರಂದು ಉದ್ಘಾಟನೆಯಾದ ಸುಮಾರು 450 ಕಿ.ಮೀ. ಉದ್ದದ ಕೊಚ್ಚಿ–ಮಂಗಳೂರು ಅನಿಲ ಕೊಳವೆಯಂಥವು ಹಾದುಹೋಗುವ ಪಟ್ಟಿಯಲ್ಲಿ 1962ರ ಪೈಪ್‌ಲೈನ್ ಕಾಯ್ದೆಯ ಪ್ರಕಾರ ಮನೆ ಕಟ್ಟುವಂತಿಲ್ಲ, ಬಾವಿ, ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಜಾಗ ನಿಮ್ಮದೇ ಆಗಿದ್ದರೂ ಹಾಗೆ. ಅಲ್ಲಿ ಕೈಗುಂಡಿಯನ್ನೂ ಕಂಪನಿಯವರು ಎದುರಿಗೆ ನಿಂತಿರದೆ ತೆಗೆಯಬೇಡಿ.

ಕಂಡದ್ದನ್ನು ಹಿಡಿದಿಡುವ ಬಗ್ಗೆ ಒಂದು ಮಾತು. ಸುಣ್ಣ, ಪೇಂಟಿನ ಗೆರೆ ಒಂದು ಮಳೆಗೆ ಹೋಗುತ್ತದೆ. ಫೋನಿನ ಜಿಪಿಎಸ್ ಮೂರು ನಾಲ್ಕು ಮೀಟರ್ ಆಚೀಚೆ ತೋರಿಸುತ್ತದೆ, ಪೈಪಿನ ಕೆಲಸಕ್ಕೆ ಅದು ಉಪಯೋಗವಿಲ್ಲ. ಕದಲದ ಎರಡು ಮೂಲೆಗಳಿಂದ ಟೇಪು ಹಿಡಿದು ಅಳತೆ ಬರೆಯಿರಿ, ಗುಂಡಿ ಮುಚ್ಚುವ ಮೊದಲು ಟೇಪು ಕಾಣುವ ಹಾಗೆ ಫೋಟೊ ತೆಗೆಯಿರಿ. ರಸ್ತೆಯ ಅಂಚಿನಿಂದ ಮಾತ್ರ ಅಳೆಯಬೇಡಿ, ಅದು ಓಡುತ್ತದೆ.

ಸರ್ವೇಯವರನ್ನು ಆರಿಸಲು ನನ್ನದು ಒಂದೇ ಪ್ರಶ್ನೆ: "ಯಾವ ಲೈನು ನಿಮಗೆ ಸಿಗಲಿಲ್ಲ?" ಹೋದ ವರ್ಷ ಒಬ್ಬ ಹುಡುಗ ಇಡೀ ದಿನ ಸೈಟು ಸುತ್ತಿ ಸಂಜೆ ಹಾಳೆ ಕೊಟ್ಟ. ಐದು ಗೆರೆ ಗಟ್ಟಿಯಾಗಿದ್ದವು, ಆರನೆಯದು ಚುಕ್ಕಿ ಚುಕ್ಕಿ. ಪಕ್ಕದಲ್ಲಿ ಪೆನ್ನಿನಲ್ಲಿ ಬರೆದಿದ್ದ: "ಗ್ಯಾಸ್. ನಕ್ಷೆಯಲ್ಲಿ ಉಂಟು, ನನಗೆ ಕಾಣಲಿಲ್ಲ. ಇಲ್ಲಿ ಕೈಯಲ್ಲೇ ತೋಡಿ." ಗ್ಯಾಸಿನವರನ್ನು ಕರೆಸಿ, ಅವರೆದುರು ತೋಡಿಸಿದೆವು. ಚುಕ್ಕಿ ಗೆರೆಯಿಂದ ಒಂದೂವರೆ ಅಡಿ ಈಚೆಗೆ ಹಳದಿ ಪೈಪು ಸಿಕ್ಕಿತು. ಮುಂದಿನ ಸೈಟಿಗೂ ಅವನಿಗೇ ಹೇಳಿದ್ದೇನೆ.